ಬಾಗಿಲು ಮುಚ್ಚಿದವರು ಯಾರು?



ಕಳೆದ ಕಾರ್ತಿಕದಲ್ಲಿ ನಮ್ಮ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳು ಕೆಲವರು ಶ್ರೀಮಠದಲ್ಲಿ ಸೇರಿದ್ದೆವು. ಪ್ರಸಾದ ಮುಗಿದ ಮೇಲೆ ಮಾತು ನಿಲಯದ ಪುಸ್ತಕಭಂಡಾರದ ಕಡೆಗೆ ಹೊರಳಿತು. ನಮ್ಮೆಲ್ಲರ ಗೌರವಕ್ಕೂ ಪಾತ್ರರಾದ ಹಿರಿಯರೊಬ್ಬರು ಅಲ್ಲಿ ತಮ್ಮ ಕಣ್ಣಿಗೆ ಬಿದ್ದ ಒಂದು ಇಂಗ್ಲಿಷ್ ಕಾದಂಬರಿಯನ್ನು ಎತ್ತಿ ಹಿಡಿದು, "ದೇವರ ಅರ್ಚಕನು ಹುಚ್ಚನಾಗುವ, ಊರಿಗೆ ಊರೇ ಇಗರ್ಜಿಯ ಕಡೆಗೆ ಸರಿಯುವ ಕಥೆ ಇದು. ಮಠದ ಅನ್ನ ಉಣ್ಣುವ ಹುಡುಗರ ಕೈಗೆ ಇಂಥದನ್ನು ಕೊಡಬಹುದೇ? ಇದನ್ನು ಹೊರಗೆ ಹಾಕುವುದೇ ಲೇಸು" ಎಂದರು. ಕಾಲೇಜಿನಲ್ಲಿ ಪಾಠ ಹೇಳುವ ಕಿರಿಯ ಮಿತ್ರರೊಬ್ಬರು ಕೂಡಲೇ ಎದ್ದು, "ಬೇಡಿ, ಅದು ಬಿಳಿಯರ ವಿರುದ್ಧ ಬರೆದ ಪುಸ್ತಕ; ಸುಖವಾಗಿದ್ದ ಸಮಾಜವೊಂದನ್ನು ಪರಕೀಯರು ಹೇಗೆ ಕೆಡಿಸಿದರೆಂಬುದನ್ನು ತೋರಿಸುತ್ತದೆ; ಆದುದರಿಂದ ಇರಲಿ" ಎಂದರು. ಕೆಲವರು ಹಿರಿಯರಿಗೆ ತಲೆದೂಗಿದರು, ಕೆಲವರು ಕಿರಿಯರಿಗೆ. ನಾನು ಆ ದಿನ ಸುಮ್ಮನಿದ್ದೆ. ಪುಸ್ತಕವನ್ನು ಓದಿದ್ದೂ ಸುಮ್ಮನಿದ್ದುದು ತಪ್ಪು. ಆ ಮೌನಕ್ಕೆ ಪ್ರಾಯಶ್ಚಿತ್ತವೆಂದು ಈ ಲೇಖನವನ್ನು ಭಾವಿಸಬೇಕಾಗಿ ವಿನಂತಿ.

ಹಿರಿಯರ ಮಾತೂ ತಪ್ಪು, ಕಿರಿಯ ಮಿತ್ರರ ಮಾತೂ ತಪ್ಪು ಎಂಬುದೇ ನನ್ನ ವಾದ. ಒಬ್ಬರು ಆ ಪುಸ್ತಕಕ್ಕೆ ಅಂಜಿದರು, ಇನ್ನೊಬ್ಬರು ಅದರಿಂದ ಸಮಾಧಾನ ಪಡೆದರು. ಆದರೆ ಅದು ಅಂಜುವುದಕ್ಕೂ ಸಮಾಧಾನಕ್ಕೂ ಬರೆದ ಪುಸ್ತಕವಲ್ಲ. ಧರ್ಮಪೀಠವನ್ನು ನಂಬಿ ಬದುಕುವ ಪ್ರತಿಯೊಂದು ಸಮಾಜವೂ ತನ್ನ ಮುಖವನ್ನು ನೋಡಿಕೊಳ್ಳಬೇಕಾದ ಕನ್ನಡಿ ಅದು.

ಪುಸ್ತಕದ ಹೆಸರು 'ಆ್ಯರೋ ಆಫ್ ಗಾಡ್', ಎಂದರೆ 'ದೇವರ ಬಾಣ'. ಬರೆದವರು ಪಶ್ಚಿಮ ಆಫ್ರಿಕದ ನೈಜೀರಿಯ ದೇಶದ ಚಿನುವ ಅಚಿಬೆ, ಪ್ರಕಟವಾದದ್ದು 1964ರಲ್ಲಿ. ಕಥೆ ನಡೆಯುವುದು 1920ರ ದಶಕದಲ್ಲಿ, ಇಗ್ಬೊ ಜನರ ಉಮುಆರೊ ಎಂಬ ಆರು ಹಳ್ಳಿಗಳ ಕೂಟದಲ್ಲಿ. ಹಿಂದೊಮ್ಮೆ ಗುಲಾಮರನ್ನು ಹಿಡಿದೊಯ್ಯುವವರ ಕಾಟ ಸಹಿಸಲಾರದೆ ಆ ಆರು ಹಳ್ಳಿಗಳವರು ಒಂದುಗೂಡಿ, ತಮ್ಮ ರಕ್ಷಣೆಗಾಗಿ ಉಲು ಎಂಬ ದೈವವನ್ನು ಸ್ಥಾಪಿಸಿಕೊಂಡರು. ವಾಚಕರು ಈ ಮಾತನ್ನು ಮನಸ್ಸಿನಲ್ಲಿಡಬೇಕು. ದೈವವು ಬಂದದ್ದು ಜನರನ್ನು ಕಾಯುವುದಕ್ಕಾಗಿ. ಆ ದೈವದ ಪ್ರಧಾನ ಅರ್ಚಕನೇ ಕಥಾನಾಯಕನಾದ ಎಝೆಉಲು.

ಈತನು ಡಾಂಭಿಕನಲ್ಲ, ಲೋಭಿಯಲ್ಲ, ಹೇಡಿಯಂತೂ ಅಲ್ಲವೇ ಅಲ್ಲ. ನೆರೆಯ ಊರಿನೊಡನೆ ಭೂಮಿಯ ವ್ಯಾಜ್ಯ ಬಂದಾಗ ತನ್ನವರದೇ ತಪ್ಪೆಂದು ಬಿಳಿಯ ಅಧಿಕಾರಿಯ ಮುಂದೆ ಸತ್ಯವನ್ನು ನುಡಿದವನು. ಬಿಳಿಯರ ಬಲವೆಲ್ಲಿದೆಯೆಂದು ತಿಳಿಯಲು ತನ್ನ ಮಗನೊಬ್ಬನನ್ನೇ ಪಾದ್ರಿಗಳ ಶಾಲೆಗೆ ಕಳುಹಿಸಿದ ದೂರದರ್ಶಿ. ಆ ಹುಡುಗನು ಅಲ್ಲಿ ಕಲಿತದ್ದರ ಅಮಲಿನಲ್ಲಿ, ಊರವರು ಪವಿತ್ರವೆಂದು ನಂಬಿದ ಹೆಬ್ಬಾವನ್ನು ಪೆಟ್ಟಿಗೆಯೊಳಗೆ ಕೂಡಿಹಾಕಿ ತಂದೆಗೆ ಅವಮಾನ ತಂದನೆಂಬುದು ಬೇರೆ ಮಾತು. ಮುಂದೆ ಜಿಲ್ಲೆಯ ಅಧಿಕಾರಿ ವಿಂಟರ್‌ಬಾಟಮ್ ಎಂಬವನು ಈ ಅರ್ಚಕನನ್ನು ಕರೆಸಿ, ಸರಕಾರದ ಪರವಾಗಿ ಊರಿನ ನಾಯಕನಾಗಬೇಕೆಂದು ಹೇಳಿಸುತ್ತಾನೆ. ದೇವರ ಸೇವಕನು ಬಿಳಿಯನ ಸೇವಕನಾಗಲಾರನೆಂದು ಎಝೆಉಲು ಅದನ್ನು ತಿರಸ್ಕರಿಸಿ ಸೆರೆಮನೆಯನ್ನು ಒಪ್ಪಿಕೊಳ್ಳುತ್ತಾನೆ. ಪರಕೀಯ ಪ್ರಭುತ್ವದ ಎದುರು ಧರ್ಮಪೀಠವೊಂದು ತಲೆ ಎತ್ತಿ ನಿಂತ ಇಂಥ ಚಿತ್ರ ಕಾದಂಬರಿಗಳಲ್ಲಿ ವಿರಳ. ಅರ್ಚಕರನ್ನು ಹೀನಾಯವಾಗಿ ಚಿತ್ರಿಸಿದ್ದಾರೆಂದು ದೂರುವ ಹಿರಿಯರು ಈ ಪುಟಗಳನ್ನು ಓದಿಲ್ಲವೆಂದೇ ನನ್ನ ಊಹೆ.

ದುರಂತವು ಪ್ರಾರಂಭವಾಗುವುದು ಬಿಡುಗಡೆಯ ಅನಂತರ. ಆ ನಾಡಿನ ಜನರಿಗೆ ಯಾಮ್ ಎಂಬ ಗೆಡ್ಡೆಯೇ ಅನ್ನ. ಅರ್ಚಕನು ಹೊಸ ಚಂದ್ರನನ್ನು ಕಂಡಾಗಲೆಲ್ಲ ದೇವರಿಗೆ ಮೀಸಲಾದ ಗೆಡ್ಡೆಗಳಲ್ಲಿ ಒಂದನ್ನು ತಿನ್ನುತ್ತಾನೆ; ಅವುಗಳಲ್ಲಿ ಒಂದೇ ಉಳಿದಾಗ ಹೊಸ ಬೆಳೆಯ ಹಬ್ಬವನ್ನು ಸಾರುತ್ತಾನೆ; ಆತ ಸಾರಿದ ಹೊರತು ಯಾರೂ ಹೊಲದಿಂದ ಗೆಡ್ಡೆ ಕೀಳುವಂತಿಲ್ಲ. ಸೆರೆಯಲ್ಲಿ ಕಳೆದ ತಿಂಗಳುಗಳ ಗೆಡ್ಡೆಗಳು ತಿನ್ನದೆ ಉಳಿದಿವೆ. ಹಬ್ಬದ ಕಾಲ ಬಂದರೂ ಎಝೆಉಲು ಹಬ್ಬವನ್ನು ಸಾರಲೊಲ್ಲ. ಹಿರಿಯರು ಬಂದು, "ಉಳಿದುದನ್ನು ತಿಂದುಬಿಡು, ಪಾಪವಿದ್ದರೆ ನಮ್ಮ ತಲೆಯ ಮೇಲಿರಲಿ" ಎಂದು ಬೇಡಿಕೊಳ್ಳುತ್ತಾರೆ. ತಾನು ಸೆರೆಗೆ ಹೋದಾಗ ಕೈಬಿಟ್ಟ ಊರಿನ ಮೇಲಿನ ಮುನಿಸು ಆತನಲ್ಲಿದೆ. ಅದೇ ದೇವರ ಮುನಿಸೆಂಬ ನಂಬಿಕೆಯೂ ಇದೆ. ಯಾವುದು ತನ್ನದು, ಯಾವುದು ದೇವರದು ಎಂಬ ಗೆರೆ ಆತನಿಗೇ ಕಾಣದಾಗಿದೆ. ಬೆಳೆದ ಗೆಡ್ಡೆಗಳು ಮಣ್ಣಿನಲ್ಲೇ ಕೆಡುತ್ತವೆ. ಮಕ್ಕಳು ಹಸಿಯುತ್ತಾರೆ.

ಆಗ ಪಾದ್ರಿಗಳ ಪರವಾಗಿ ಅಲ್ಲಿದ್ದ ಗುಡ್‌ಕಂಟ್ರಿ ಎಂಬ ಉಪದೇಶಕನು, ತಾನೂ ಕರಿಯನೇ ಆದವನು, ಒಂದು ಮಾತು ಹೇಳುತ್ತಾನೆ. ಇಗರ್ಜಿಗೆ ಕಾಣಿಕೆ ತಂದವರು ತಮ್ಮ ಬೆಳೆಯನ್ನು ನಿರ್ಭಯವಾಗಿ ಕೀಳಬಹುದು. ಕ್ರೈಸ್ತರ ದೇವರು ಅವರನ್ನು ಉಲುವಿನ ಕೋಪದಿಂದ ಕಾಯುವನು. ಇಷ್ಟೇ. ಕತ್ತಿ ಹಿರಿಯಲಿಲ್ಲ, ಬಂದೂಕು ಹಾರಿಸಲಿಲ್ಲ, ಶಾಸ್ತ್ರವಾದ ಮಾಡಲಿಲ್ಲ. ಹಸಿದ ತಂದೆಯು ಮಗನ ಕೈಗೆ ಒಂದು ಗೆಡ್ಡೆಯನ್ನು ಕೊಟ್ಟು ಇಗರ್ಜಿಗೆ ಕಳುಹಿಸಿದನು. ಎಝೆಉಲುವಿನ ಪ್ರೀತಿಯ ಮಗನೊಬ್ಬನು ಅದೇ ದಿನಗಳಲ್ಲಿ ಸತ್ತನು. ಮುದುಕನ ಬುದ್ಧಿ ಕದಡಿಹೋಯಿತು. ದೈವವು ಜನರ ಮನಸ್ಸಿನಿಂದ ಇಳಿದುಹೋಯಿತು.

ಈಗ ಹೇಳಿ, ಬಂಧುಗಳೇ, ಉಮುಆರೊವನ್ನು ಗೆದ್ದವರು ಯಾರು? ಪಾದ್ರಿಯು ಗೆದ್ದನೆಂದರೆ ಅದು ಅರ್ಧಸತ್ಯ. ಮೊದಲು ಧರ್ಮದ ಬಾಗಿಲು ಒಳಗಿನಿಂದಲೇ ಮುಚ್ಚಿತು. ಹೊರಗೆ ನಿಂತ ಹಸಿದವರಿಗೆ ಪಾದ್ರಿಯು ಮತ್ತೊಂದು ಬಾಗಿಲನ್ನು ತೋರಿಸಿದನು.

ಇಲ್ಲಿ ನಮ್ಮ ನುಲಿಯ ಚಂದಯ್ಯನ ಕಥೆ ನೆನಪಾಗದ ಲಿಂಗಾಯತನು ಇರಲಾರ. ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬೀಳುತ್ತದೆ. ಚಂದಯ್ಯನು ಅದನ್ನು ಹುಡುಕುತ್ತ ನಿಲ್ಲದೆ ಹುಲ್ಲಿನ ಹೊರೆ ಹೊತ್ತು ನಡೆಯುತ್ತಾನೆ; ಜಂಗಮದಾಸೋಹಕ್ಕೆ ತಡವಾಗಬಾರದಲ್ಲವೇ? ಲಿಂಗವೇ ಆತನ ಬೆನ್ನು ಹತ್ತಿ ಬಂದು ಸ್ವೀಕರಿಸೆಂದು ಕೇಳಿಕೊಂಡಿತೆಂದು ನಮ್ಮ ಪರಂಪರೆ ಹೇಳುತ್ತದೆ. ಒಂದು ಕಡೆ, ವಿಧಿಯ ಲೆಕ್ಕ ಪೂರ್ತಿಯಾಗಲಿಲ್ಲವೆಂದು ಅನ್ನವನ್ನು ತಡೆದ ಅರ್ಚಕ. ಇನ್ನೊಂದು ಕಡೆ, ಉಣ್ಣುವವರು ಕಾದಿದ್ದಾರೆಂದು ಲಿಂಗವನ್ನೇ ಕಾಯಿಸಿದ ಶರಣ. ಕಾದಂಬರಿಯನ್ನು ನಿಲಯದಿಂದ ಹೊರಗೆ ಹಾಕಬೇಕೆನ್ನುವವರು ಈ ಎರಡು ಕಥೆಗಳನ್ನೂ ಒಂದೇ ಸಂಜೆ ಹುಡುಗರ ಮುಂದೆ ಓದಿಸಲಿ. ಧರ್ಮಬೋಧೆಗೆ ಅದಕ್ಕಿಂತ ಒಳ್ಳೆಯ ಪಾಠ ದೊರೆಯದು.

"ಲೇಖಕನು ಕ್ರೈಸ್ತ ಮನೆತನದವನು, ಆದುದರಿಂದ ಅವನ ಬರಹ ಮತಾಂತರದ ಪ್ರಚಾರ" ಎಂಬ ಆಕ್ಷೇಪವೂ ಆ ದಿನ ಬಂದಿತ್ತು. ಮೊದಲನೆಯದು ನಿಜ. ಅಚಿಬೆಯವರ ತಂದೆ ಇಗರ್ಜಿಯ ಉಪದೇಶಕರಾಗಿದ್ದರು. ಎರಡನೆಯದು ಮಾತ್ರ ಪೂರ್ತಿ ಸುಳ್ಳು. ಇಗರ್ಜಿಯ ಅಂಗಳದಲ್ಲಿ ಬೆಳೆದ ಆ ಮಗನು ತನ್ನ ಅಜ್ಜಂದಿರ ದೈವಗಳನ್ನೂ ಗಾದೆಗಳನ್ನೂ ಹಬ್ಬಗಳನ್ನೂ ಎಷ್ಟು ಆದರದಿಂದ ಬರೆದನೆಂದರೆ, ಆಫ್ರಿಕಕ್ಕೆ ತಾವೇ ಬೆಳಕನ್ನು ತಂದೆವೆಂದು ಬೀಗುತ್ತಿದ್ದ ಪರಕೀಯರು ನಾಚಬೇಕಾಯಿತು. 1958ರಲ್ಲಿ ಬಂದ ಆತನ ಮೊದಲನೆಯ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್' ಮುಗಿಯುವುದು ಬಿಳಿಯ ಅಧಿಕಾರಿಯೊಬ್ಬನ ಅಹಂಕಾರವನ್ನು ಬಯಲಿಗೆಳೆಯುವುದರೊಂದಿಗೆ. ಒಬ್ಬ ವೀರನ ಇಡೀ ಬಾಳು ಆ ಅಧಿಕಾರಿಗೆ ತಾನು ಬರೆಯಲಿರುವ ಪುಸ್ತಕದಲ್ಲಿ ಒಂದು ಪರಿಚ್ಛೇದದಷ್ಟೇ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಇದು ಪ್ರಚಾರವಾದರೆ, ಯಾರ ಪ್ರಚಾರ?

ಈಗ ಕಿರಿಯ ಮಿತ್ರರ ಮಾತಿಗೆ ಬರುತ್ತೇನೆ. "ಸುಖವಾಗಿದ್ದ ಸಮಾಜ" ಎಂದರು. ಯಾರಿಗೆ ಸುಖ? ಆ ಮೊದಲ ಕಾದಂಬರಿಯಲ್ಲೇ ಉತ್ತರವಿದೆ. ಇಗರ್ಜಿಗೆ ಮೊದಲು ಹೋದವರಲ್ಲಿ ಒಬ್ಬಳು ಬಸುರಿ. ಹಿಂದೆ ಹೆತ್ತಾಗಲೆಲ್ಲ ಅವಳಿಗೆ ಅವಳಿ ಮಕ್ಕಳೇ ಹುಟ್ಟಿದ್ದವು. ಅವಳಿಗಳು ಅನಿಷ್ಟವೆಂದು ಅವನ್ನೆಲ್ಲ ಕಾಡಿಗೆ ಎಸೆಯಲಾಗಿತ್ತು. ಅನಂತರ ಹೋದವರು 'ಒಸು' ಎಂಬ ವರ್ಗದವರು. ಇವರು ದೇವರಿಗೆ ಮೀಸಲಾದವರೆಂಬ ಹೆಸರಿನಲ್ಲಿ ಊರಿನಿಂದ ಹೊರಗಿಡಲ್ಪಟ್ಟವರು. ಇತರರೊಡನೆ ಮದುವೆಯಿಲ್ಲ, ಸಭೆಯಲ್ಲಿ ಸ್ಥಾನವಿಲ್ಲ, ಜಡೆಗಟ್ಟಿದ ಕೂದಲನ್ನು ಕತ್ತರಿಸುವಂತೆಯೂ ಇಲ್ಲ. ಇಗರ್ಜಿಯಲ್ಲಿ ಕುಳಿತ ಹೊಸ ಕ್ರೈಸ್ತರೇ ಅವರನ್ನು ಕಂಡು ದೂರ ಸರಿದರು. ಅಲ್ಲಿಯ ಉಪದೇಶಕನು ಮಾತ್ರ ಅವರನ್ನು ಬರಮಾಡಿಕೊಂಡನು. ಕಥಾನಾಯಕ ಒಕೊಂಕ್ವೊನ ಮಗನೇ ಇಗರ್ಜಿಯ ಹಾಡಿಗೆ ಮರುಳಾಗುತ್ತಾನೆ. ಏಕೆಂದರೆ ಕಾಡಿನಲ್ಲಿ ಅಳುವ ಅವಳಿ ಕೂಸುಗಳ ಕುರಿತಾಗಿ, ತನ್ನ ಅಣ್ಣನಂತಿದ್ದ ಹುಡುಗನನ್ನು ದೈವವಾಣಿಯ ಹೆಸರಿನಲ್ಲಿ ಕೊಂದ ಕುರಿತಾಗಿ, ಆತನ ಎಳೆಯ ಮನಸ್ಸು ಕೇಳಿದ ಪ್ರಶ್ನೆಗೆ ಹಿರಿಯರಲ್ಲಿ ಉತ್ತರವಿರಲಿಲ್ಲ. ಪರಕೀಯರ ಆಳ್ವಿಕೆ ಅನ್ಯಾಯವೇ ಸರಿ; ಕಾದಂಬರಿಕಾರನು ಅದನ್ನು ಎಲ್ಲಿಯೂ ಮುಚ್ಚಿಡುವುದಿಲ್ಲ. ಆದರೆ ಅನ್ಯಾಯವನ್ನು ಹೊರಗಿನವರ ಹೆಗಲಿಗೆ ಮಾತ್ರ ಹೊರಿಸಿ ಕೈತೊಳೆದುಕೊಳ್ಳುವ ಸೌಕರ್ಯವನ್ನು ಆತ ತನ್ನವರಿಗೆ ಕೊಡಲಿಲ್ಲ. ನಮಗೆ ನಾವೇ ಅದನ್ನು ಕೊಟ್ಟುಕೊಳ್ಳುವುದು ಯಾವ ನ್ಯಾಯ?

"ಅದು ಆಫ್ರಿಕದ ಮಾತು, ನಮ್ಮದಲ್ಲ" ಎನ್ನುವವರು ನಮ್ಮ ಭಾಷೆಯಲ್ಲೇ 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ತೆರೆಯಲಿ. ಆಂಗ್ಲರ ಆಳ್ವಿಕೆಯ ದಕ್ಷಿಣ ಕನ್ನಡದ ಕಥೆ ಅದು. ಹೊಲೆಯರ ಚೋಮನಿಗೆ ಬೇಕಾದುದು ತಾನೇ ಬೇಸಾಯ ಮಾಡಲು ಒಂದು ತುಂಡು ನೆಲ. ಹುಟ್ಟಿದ ಜಾತಿಯ ಕಾರಣಕ್ಕಾಗಿ ಧಣಿಯ ಮನೆಯಲ್ಲಿ ಅದು ದೊರೆಯುವುದಿಲ್ಲ. ಸಾಲ ತೀರಿಸಲೆಂದು ಕಾಫಿಯ ತೋಟಕ್ಕೆ ಹೋದ ಮಕ್ಕಳಲ್ಲಿ ಒಬ್ಬನು ಜ್ವರಕ್ಕೆ ಬಲಿಯಾಗುತ್ತಾನೆ. ಇನ್ನೊಬ್ಬನು ಕ್ರೈಸ್ತ ಹುಡುಗಿಯನ್ನು ವರಿಸಿ ಆ ಮತವನ್ನು ಸೇರುತ್ತಾನೆ. ಮಗಳು ಬೆಳ್ಳಿಯ ಮಾನವೇ ಸಾಲಕ್ಕೆ ಬೆಲೆಯಾಗುತ್ತದೆ. ಕಿರಿಯ ಹುಡುಗನು ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದರು. ಮುಟ್ಟಿದರೆ ಮೈಲಿಗೆಯೆಂಬ ಭಯ ಅವರ ಕೈಗಳನ್ನು ಕಟ್ಟಿತ್ತು. ಪಾದ್ರಿಗಳನ್ನು ಸೇರಿದರೆ ನೆಲ ಸಿಗುತ್ತದೆಂದು ಚೋಮನಿಗೆ ತಿಳಿದಿದೆ. ಇಗರ್ಜಿಯ ಕಡೆಗೆ ಹೊರಟೂ ಹೊರಡುತ್ತಾನೆ. ಆದರೆ ತನ್ನ ದೈವವಾದ ಪಂಜುರ್ಲಿಯನ್ನು ಬಿಡಲಾರದೆ ಹಿಂದಿರುಗಿ, ದುಡಿಯನ್ನು ಬಾರಿಸುತ್ತ ಪ್ರಾಣ ಬಿಡುತ್ತಾನೆ.

ಯಾವ ಶಾಸ್ತ್ರವನ್ನೂ ಓದದ ಚೋಮನು ತನ್ನ ದೈವವನ್ನು ಬಿಡಲಿಲ್ಲ. ಶಾಸ್ತ್ರ ಬಲ್ಲ ಸಮಾಜವು ಚೋಮನನ್ನು ಬಿಟ್ಟಿತು. ಮತಾಂತರದ ವಿಷಯದಲ್ಲಿ ಉದ್ವೇಗದಿಂದ ಭಾಷಣ ಮಾಡುವವರು ಮೊದಲು ಈ ಒಂದು ವಾಕ್ಯಕ್ಕೆ ಉತ್ತರ ಹೇಳಬೇಕು.

ನಮ್ಮ ಸಮಾಜದ ಮಟ್ಟಿಗೆ ಇತಿಹಾಸವನ್ನೂ ನೋಡೋಣ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡವನ್ನು ಸೇರಿದರು. ಅವರು ಶಾಲೆ ತೆರೆದರು, ಅಚ್ಚಿನ ಮೊಳೆ ಜೋಡಿಸಿದರು. ಅವರಲ್ಲೊಬ್ಬನಾದ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರಡಿಸಿದನು. ನಮ್ಮ ಬಸವಪುರಾಣವನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದನು. ಕಿಟ್ಟೆಲ್ 1894ರಲ್ಲಿ ಪ್ರಕಟಿಸಿದ ನಿಘಂಟನ್ನು ಕನ್ನಡಿಗರು ಇಂದಿಗೂ ಕೈಬಿಟ್ಟಿಲ್ಲ. ಇವರ ಉದ್ದೇಶ ಮತಪ್ರಚಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ಹಿರಿಯರು ಇದಕ್ಕೆ ಕೊಟ್ಟ ಉತ್ತರವೇನು? ಅವರ ಪುಸ್ತಕಗಳನ್ನು ಸುಡುವುದಾಗಿತ್ತೇ? ಇಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ಅಡಿಪಾಯ ಹಾಕಿದರು. ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಅರಸುತ್ತ ಹಳ್ಳಿಹಳ್ಳಿ ಅಲೆದು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಮುಂದೆ ಇದ್ದ ಮನೆಯನ್ನೂ ಮಾರಿ ಮುದ್ರಣಾಲಯವನ್ನು ನಡೆಸಿದರು. ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರಾರು ಮಕ್ಕಳಿಗೆ, ಜಾತಿಮತಗಳನ್ನು ಕೇಳದೆ, ಅನ್ನವನ್ನೂ ಅಕ್ಷರವನ್ನೂ ನೀಡಿದರು. ನಮ್ಮ ನಿಜವಾದ ಉತ್ತರ ಇದು. ತೆರೆದ ಬಾಗಿಲಿಗೆ ಇನ್ನೂ ದೊಡ್ಡ ಬಾಗಿಲನ್ನು ತೆರೆದು ಕೊಟ್ಟ ಉತ್ತರ.

ಇಷ್ಟು ಹೇಳಿ ನಿಲ್ಲಿಸಿದರೆ ಲೇಖನವು ಎಲ್ಲರಿಗೂ ಇಷ್ಟವಾಗುವುದು. ಆದರೆ ನಿಲ್ಲಿಸಲಾರೆ.

ನಾನು ಹುಡುಗನಾಗಿದ್ದಾಗ ನಮ್ಮೂರಿನ ಜಾತ್ರೆಯಲ್ಲಿ ಮಠದ ಅಂಗಳದಲ್ಲಿ ದಾಸೋಹ ನಡೆಯುತ್ತಿತ್ತು. ಊರಿನ ಹೆಸರೂ ಮಠದ ಹೆಸರೂ ಇಲ್ಲಿ ಬೇಡ. ಅಂಥ ಊರುಗಳು ಒಂದೆರಡಲ್ಲ. ಒಳಗೆ ಪಂಕ್ತಿಗಳು ಮುಗಿದ ಮೇಲೆ, ಸಂಜೆಯ ಹೊತ್ತಿಗೆ, ಗೋಡೆಯ ಆಚೆ ಬುಟ್ಟಿ ಪಾತ್ರೆಗಳನ್ನು ಹಿಡಿದು ಕಾದಿದ್ದವರಿಗೆ ಉಳಿದುದನ್ನು ಮೇಲಿನಿಂದ ಹಾಕುತ್ತಿದ್ದರು. ಅವರಲ್ಲಿ ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಒಬ್ಬ ಮುದುಕನಿದ್ದ. ಆ ರಾಶಿಯಲ್ಲಿದ್ದ ಜೋಳ ಆತ ಬಿತ್ತಿ, ಆತ ಕೊಯ್ದು, ಆತ ಒಕ್ಕಿದ ಜೋಳ. "ಅಪ್ಪಾ, ಆತನನ್ನು ಒಳಗೆ ಏಕೆ ಕರೆಯುವುದಿಲ್ಲ?" ಎಂದು ನಾನು ಕೇಳಿದೆ. "ಸುಮ್ಮನಿರು ತಮ್ಮಾ, ಅದು ಹಿಂದಿನಿಂದ ಬಂದದ್ದು" ಎಂದರು ಅಪ್ಪ. ಆ ದಿನವೂ ನಾನು ಸುಮ್ಮನಾದೆ. ಒಳಗಿನ ಗೋಡೆಯ ಮೇಲೆ ಬಸವಣ್ಣನವರ ಭಾವಚಿತ್ರವಿತ್ತು. ಮಧುವರಸರ ಮಗಳಿಗೂ ಹರಳಯ್ಯನವರ ಮಗನಿಗೂ ಆದ ಲಗ್ನಕ್ಕಾಗಿ ಕಲ್ಯಾಣವೇ ರಕ್ತದಲ್ಲಿ ತೊಯ್ದಿತೆಂದು ಪುರಾಣಿಕರು ಅದೇ ಜಾತ್ರೆಯಲ್ಲಿ ರಾತ್ರಿ ಹೇಳುತ್ತಿದ್ದರು, ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಗೋಡೆಯಾಚೆ ಕುಳಿತು ಕೇಳಿದವರೂ ಕಣ್ಣೊರೆಸಿಕೊಂಡಿರಬೇಕು.

"ಹಿಂದಿನಿಂದ ಬಂದದ್ದು" ಎಂಬ ಈ ಮಾತೇ ಎಝೆಉಲುವಿನ ತಿನ್ನದೆ ಉಳಿದ ಗೆಡ್ಡೆಗಳು. ಯಾವುದು ಹಿಂದಿನಿಂದ ಬಂದದ್ದು? ಹನ್ನೆರಡನೆಯ ಶತಮಾನದಿಂದ ಬಂದದ್ದು ಸಹಪಂಕ್ತಿ. ಗೋಡೆ ಅನಂತರ ಬಂದದ್ದು. ಗೋಡೆಯನ್ನು ಧರ್ಮವೆಂದೂ ಪಂಕ್ತಿಯನ್ನು ಪುರಾಣವೆಂದೂ ತಿಳಿದವರು ನಾವು. ಅಂದಿನ ಆ ಮುದುಕನ ಮೊಮ್ಮಕ್ಕಳು ಬೇರೊಂದು ದೇವರ ಮನೆಯ ಬಾಗಿಲನ್ನು ತಟ್ಟಿದ್ದರೆ, ಅವರನ್ನು ಆಮಿಷಕ್ಕೆ ಬಲಿಯಾದವರೆಂದು ಹಳಿಯುವ ಬಾಯಿ ನಮಗೆ ಎಲ್ಲಿಂದ ಬರಬೇಕು? ಒಂದು ಹೊತ್ತಿನ ಊಟಕ್ಕೆ ಜೊತೆಯಲ್ಲಿ ಕೂರಿಸಿಕೊಳ್ಳದವರು ಮರುಜನ್ಮದ ಮಾತನಾಡಬಾರದು.

ಈಗ ಗೋಡೆಗಳು ಬಹುಮಟ್ಟಿಗೆ ಬಿದ್ದಿವೆ. ನಮ್ಮ ನಿಲಯದಲ್ಲಿ ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದನ್ನು ಕಂಡು ಸಂತೋಷಪಡುತ್ತೇನೆ. ಆದರೆ ಪಂಕ್ತಿಯಿಂದ ಎದ್ದ ಮೇಲೆ? ಅದೇ ಮಕ್ಕಳು ರಜೆಯಲ್ಲಿ ಪರಸ್ಪರರ ಊರಿಗೆ ಹೋದರೆ ಅಡುಗೆಮನೆಯವರೆಗೂ ಪ್ರವೇಶವಿದೆಯೇ? ಹೆಣ್ಣು ಗಂಡು ನೋಡುವಾಗ ಒಳಪಂಗಡದ ವಿಚಾರಣೆ ನಿಂತಿದೆಯೇ? ಈ ಪ್ರಶ್ನೆಗಳನ್ನು ಕೇಳಲು ಪರಕೀಯರು ಬರಬೇಕಾಗಿಲ್ಲ. ಅವರು 1947ರಲ್ಲೇ ಹೋದರು. ಅವರು ಹೋದ ಮೇಲೂ ಉಳಿದುಕೊಂಡ ತಪ್ಪನ್ನು ಇನ್ನು ಯಾರ ಹೆಸರಿನಲ್ಲಿ ಬರೆಯೋಣ?

ಆದುದರಿಂದ ಹಿರಿಯರಲ್ಲಿ ನನ್ನ ಅರಿಕೆ. ಆ ಪುಸ್ತಕವನ್ನು ಕಪಾಟಿನಿಂದ ತೆಗೆಯಬೇಡಿ. ಧರ್ಮವು ಕಾದಂಬರಿಯಿಂದ ಕೆಡುವಷ್ಟು ದುರ್ಬಲವಾಗಿದ್ದರೆ ಅದನ್ನು ಕಾದಂಬರಿಯ ನಿಷೇಧದಿಂದ ಉಳಿಸಲಾಗದು. ಕಿರಿಯ ಮಿತ್ರರಲ್ಲೂ ಅರಿಕೆ. ಹುಡುಗರಿಗೆ ಆ ಪುಸ್ತಕವನ್ನು ಪಾಠ ಮಾಡುವಾಗ ಬಿಳಿಯ ಅಧಿಕಾರಿಯ ಅಧ್ಯಾಯಕ್ಕೆ ನಿಲ್ಲಿಸದೆ ಹಸಿವಿನ ಅಧ್ಯಾಯವನ್ನೂ ಓದಿಸಿ. ಅದರ ಪಕ್ಕದಲ್ಲಿ 'ಚೋಮನ ದುಡಿ'ಯನ್ನಿಡಿ, ಶರಣರ ಚರಿತ್ರೆಯನ್ನಿಡಿ. ಆಮೇಲೆ ಹುಡುಗರು ಏನು ಕೇಳಿದರೂ ಸುಮ್ಮನಿರು ಎನ್ನಬೇಡಿ.

ಪೀಠಗಳ ಕುರಿತು ಉಪದೇಶ ಮಾಡುವ ಯೋಗ್ಯತೆ ನನ್ನದಲ್ಲ. ಪೀಠದ ಅನ್ನದಿಂದ ಬೆಳೆದವನೆಂಬ ಸಲುಗೆಯಿಂದ ಒಂದು ಮಾತು ಮಾತ್ರ. ಉಲು ಎಂಬ ದೈವವನ್ನು ಜನರು ಸ್ಥಾಪಿಸಿಕೊಂಡದ್ದು ತಮ್ಮ ಮಕ್ಕಳು ಉಳಿಯಲೆಂದು. ಮಕ್ಕಳ ಹಸಿವನ್ನು ಮರೆತ ದಿನ ಆ ದೈವಕ್ಕೆ ಮನೆಯಿಲ್ಲದಾಯಿತು. ನಮ್ಮಲ್ಲಿ ಜಂಗಮವೆಂದರೆ ಸಮಾಜವೇ ಎಂದು ಹಿರಿಯರು ತಿಳಿಸಿದ್ದಾರೆ. ಆ ಜಂಗಮವು ಯಾವ ಕೇರಿಯಿಂದ ಬಂದು ಬಾಗಿಲಲ್ಲಿ ನಿಂತರೂ ಬಾಗಿಲು ತೆರೆದಿರಲಿ. ಮುಂದಿನ ಜಾತ್ರೆಯಲ್ಲಿ ಮೊದಲನೆಯ ಪಂಕ್ತಿಗೆ ಯಾರನ್ನು ಕರೆಯಬೇಕೆಂಬುದನ್ನು ಭಕ್ತರೇ ನಿರ್ಧರಿಸಲಿ.